ಹಗ್ಗ ಉಳಿಸಿಕೊಂಡವನು

“ಬುದ್ಧಿ, ವಿಭೂತಿ ಧರಿಸಿ ಬಂದವರನ್ನು ಕಾಗದ ಪತ್ರ ಕೇಳುವುದು ಅಪಚಾರವಲ್ಲವೇ?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ಹಳೆಯ ಕಾರನ್ನು ಮಾರುವ ಹೊಣೆ ಅವನ ಮೇಲಿತ್ತು. ಹಿರಿಯ ಗುರುಗಳು ಊರೂರು ತಿರುಗಿ ಭಿಕ್ಷೆ ಎತ್ತಿದ್ದು ಅದೇ ಕಾರಿನಲ್ಲಿ. ಅವರು ಲಿಂಗೈಕ್ಯರಾಗಿ ವರ್ಷಗಳೇ ಕಳೆದಿದ್ದರೂ ಬಾಗಿಲು ತೆಗೆದರೆ ಇನ್ನೂ ವಿಭೂತಿಯ ಪರಿಮಳ ಬರುತ್ತಿತ್ತು. ಅದನ್ನು ತಳ್ಳಿ ತಳ್ಳಿಯೇ ಮಠದ ಶಿಷ್ಯರಾದ ನಾವೆಲ್ಲ ತೋಳು ಗಟ್ಟಿಮಾಡಿಕೊಂಡವರು. ಅದು ಹೊರಟುಹೋಗುತ್ತದೆ ಎಂದರೆ ಎಲ್ಲರಿಗೂ ಸಂಕಟ. ಕೊಳ್ಳಲು ಭಕ್ತರೊಬ್ಬರು ಬಂದು ದಾಸೋಹದಲ್ಲಿ ಊಟಕ್ಕೆ ಕುಳಿತಿದ್ದರು. ಗಾಡಿ ಮಠದ ಹೆಸರಿನಲ್ಲೇ ಇರಲಿ, ಅದೇ ನನಗೆ ಆಶೀರ್ವಾದ ಎಂದು ಅವರು ಹೇಳಿದ್ದು ಮರುಳಯ್ಯನ ಮನಸ್ಸಿಗೆ ಬಹಳ ಹಿಡಿಸಿತ್ತು.

ಗುರುಗಳು ನಕ್ಕು, “ಕೂತ್ಕೊ” ಎಂದರು. ಆಮೇಲೆ ಈ ಕತೆ ಹೇಳಿದರು. ಅವರ ಕೃಪೆಯಿಂದ ಅದರ ಒಂದು ಮಾತೂ ನನಗೆ ಮರೆತಿಲ್ಲ.

ಒಬ್ಬ ಎತ್ತಿನ ವ್ಯಾಪಾರಿ ಇದ್ದ. ಶಿವಭಕ್ತ. ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುತ್ತಿದ್ದ, ಹೆಜ್ಜೆ ನೋಡಿ ಗುಣ ಹೇಳುತ್ತಿದ್ದ. ಎತ್ತು ಮಾರಿದಾಗಲೆಲ್ಲ ಅದರ ಕೊರಳ ಹಗ್ಗ ಬಿಚ್ಚಿ ತಾನೇ ಇಟ್ಟುಕೊಳ್ಳುತ್ತಿದ್ದ. ಹಗ್ಗ ಹೋದರೆ ಅದರ ಹಿಂದೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆಂದು ಅವನ ಅಪ್ಪ ಹೇಳಿಕೊಟ್ಟಿದ್ದ. ಕೊಂಡವರು ತಾವು ತಂದ ಹೊಸ ಹಗ್ಗ ಕಟ್ಟಿ ಎತ್ತನ್ನು ಹೊಡೆದುಕೊಂಡು ಹೋಗುತ್ತಿದ್ದರು.

ಅವನ ಬಳಿ ಒಂದು ಕಾರೂ ಇತ್ತು. ಮಗಳನ್ನು ಗಂಡನ ಮನೆಗೆ ಕಳುಹಿಸಿದ್ದು ಅದರಲ್ಲಿ. ಹೆಂಡತಿಯನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲೇ. ಪಕ್ಕದ ಸೀಟು ಖಾಲಿಯಾದ ಮೇಲೆ ಅವನಿಗೆ ಅದನ್ನು ಓಡಿಸುವ ಮನಸ್ಸಾಗಲಿಲ್ಲ. ಮಾರುತ್ತೇನೆಂದು ನಾಲ್ಕು ಜನಕ್ಕೆ ಹೇಳಿದ.

ಹಣೆ ತುಂಬ ವಿಭೂತಿ ಧರಿಸಿದವನೊಬ್ಬ ಹುಡುಕಿಕೊಂಡು ಬಂದ. ದನದ ಸಂತೆಯ ರೂಢಿಯಂತೆ ಟವಲಿನ ಕೆಳಗೆ ಬೆರಳು ಹಿಡಿದು ಇಬ್ಬರೂ ಬೆಲೆ ಮುಗಿಸಿದರು. ವ್ಯಾಪಾರಿ ಕೀಲಿ ಕೊಟ್ಟ. ಆರ್‌ಸಿ ಪುಸ್ತಕ ಕೊಡಲು ಹೋದವನು ಕೈ ಹಿಂದಕ್ಕೆ ತೆಗೆದ.

“ಇದು ಹಗ್ಗ ಇದ್ದಂಗೆ ಸ್ವಾಮಿ. ಇದ್ನ ಮಾತ್ರ ಕೊಡಾಕಿಲ್ಲ.”

“ಇಟ್ಕೊಳ್ಳಿ ಯಜಮಾನ್ರೇ. ಗಾಡಿ ನಿಮ್ಮ ಹೆಸರಲ್ಲೇ ಓಡ್ಲಿ. ನಿಮ್ಮಂಥೋರ ಹೆಸರು ಸಿಕ್ಕೋದೇ ನಮ್ಮ ಪುಣ್ಯ,” ಎಂದು ಬಂದವನು ಕೈಮುಗಿದ.

ವ್ಯಾಪಾರಿಗೆ ಕಣ್ಣು ತುಂಬಿತು. ಪುಸ್ತಕಕ್ಕೆ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟ.

ನಾಲ್ಕು ತಿಂಗಳ ಮೇಲೆ ಪೊಲೀಸರು ಬಂದರು. ಸೊಪ್ಪು ಮಾರುವ ಹೆಂಗಸೊಬ್ಬಳಿಗೆ ಆ ಕಾರು ಡಿಕ್ಕಿ ಹೊಡೆದಿತ್ತು. ಓಡಿಸುತ್ತಿದ್ದವನು ಕಾರನ್ನು ಅಲ್ಲೇ ಬಿಟ್ಟು ಪರಾರಿಯಾಗಿದ್ದ. ನಂಬರು ಹಿಡಿದು ಅವರು ಈ ಮನೆಗೆ ಬಂದಿದ್ದರು.

“ಅದು ನಂದಲ್ಲ ಸ್ವಾಮಿ. ಒಬ್ಬ ಭಕ್ತರಿಗೆ ಮಾರಿಬಿಟ್ಟಿವ್ನಿ,” ಎಂದ ವ್ಯಾಪಾರಿ.

“ಯಾರು ಆ ಭಕ್ತರು?” ಎಂದರು ದಫೇದಾರರು.

“ಹಣೆ ತುಂಬ ವಿಭೂತಿ ಹಚ್ಕೊಂಡಿದ್ರು,” ಎಂದ ವ್ಯಾಪಾರಿ. ಎತ್ತಿನ ಹಲ್ಲು ಎಣಿಸುತ್ತಿದ್ದವನು ಕೊಳ್ಳಲು ಬಂದವನ ಹೆಸರನ್ನೂ ಊರನ್ನೂ ವಿಚಾರಿಸಿರಲಿಲ್ಲ.

“ಶಿವನಿಗೇ ಸಾವಿರ ಹೆಸರೈತೆ, ನಿನ್ನ ಭಕ್ತನಿಗೆ ಒಂದೂ ಇಲ್ವೇನಯ್ಯಾ? ಇಬ್ರೂ ಆರ್‌ಟಿಒ ಕಚೇರಿಗೆ ಹೋಗಿ ಹೆಸರು ಬದಲಾಯಿಸೋಕೆ ಒಂದು ಬೆಳಗ್ಗೆ ಸಾಕಾಗ್ತಿತ್ತು. ಮಾರಿದ್ದಕ್ಕೆ ಒಂದು ರುಜು ಹಾಕಿದ ಚೀಟಿನಾದ್ರೂ ಐತಾ?”

ಅದೂ ಇರಲಿಲ್ಲ. ದೇವರ ಗೂಡಿನಿಂದ ಪುಸ್ತಕ ತಂದುಕೊಟ್ಟ. ಕುಂಕುಮದ ಕೆಳಗೆ ಇದ್ದದ್ದು ಅವನದೇ ಹೆಸರು. ಇನ್ಶೂರೆನ್ಸ್ ಕೂಡ ಮುಗಿದುಹೋಗಿತ್ತು. ಕೊಂಡವನು ಕಟ್ಟಿಕೊಳ್ಳುತ್ತಾನೆಂದು ಇವನು ಸುಮ್ಮನಿದ್ದ.

ತನ್ನದೇನೂ ತಪ್ಪಿಲ್ಲವೆಂದು ಹೇಳಲು ವ್ಯಾಪಾರಿ ಆಸ್ಪತ್ರೆಗೆ ಹೋದ. ಹೆಂಗಸಿನ ಎರಡೂ ಕಾಲಿಗೆ ಕಟ್ಟು ಹಾಕಿದ್ದರು. ಅವಳು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು.

“ಆಗಿದ್ದು ಆಗೋಯ್ತು ಕಣಣ್ಣ. ಶಿವ ಜೀವ ಉಳಿಸವ್ನೆ. ಗುದ್ದಿದೋನ್ನ ಕ್ಷಮಿಸಿಬಿಡಾನ ಅಂತ್ಲೇ ಇದ್ದೆ. ಆದ್ರೆ ಯಾರ್ನ ಅಂತ ಕ್ಷಮಿಸ್ಲಿ? ನೀನೇ ಹೇಳು.”

ಹೇಳಲು ವ್ಯಾಪಾರಿಯ ಬಳಿ ಬೇರೆ ಯಾರ ಹೆಸರೂ ಇರಲಿಲ್ಲ. ತನ್ನ ಹೆಸರನ್ನೇ ಹೇಳಿದ.

ಕೋರ್ಟು ಕೂಡ ಅದನ್ನೇ ಬರೆದುಕೊಂಡಿತು. ಅವಳು ಎದ್ದು ನಡೆದಾಡುವವರೆಗೂ ಅವಳ ಮನೆಯ ಒಲೆ ಉರಿಸುವ ಭಾರ ಇವನದಾಯಿತು. ಕೊಟ್ಟಿಗೆಯ ಎತ್ತುಗಳು ಒಂದೊಂದಾಗಿ ಹೊರಟವು. ಹಗ್ಗಗಳು ಮಾತ್ರ ಗೂಟದಲ್ಲಿ ಉಳಿದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮರುಳಯ್ಯ ಕಣ್ಣೊರೆಸಿಕೊಂಡು, “ಅಯ್ಯೋ ಪಾಪ. ನೀವು ಯಾರು, ಯಾವ ಊರು ಅಂತ ಒಂದು ಮಾತು ಕೇಳಿದ್ದರೆ ಶಿವನೇನು ಬೇಡ ಅನ್ನುತ್ತಿದ್ದನೇ ಬುದ್ಧಿ?” ಎಂದ.

ಗುರುಗಳು ದಾಸೋಹದ ಕಡೆ ನೋಡಿದರು.

“ಅಲ್ಲಿ ಊಟಕ್ಕೆ ಕೂತಿದ್ದಾರಲ್ಲ, ಅವರ ಹೆಸರೇನು ಮರುಳಯ್ಯ?”

ಮರುಳಯ್ಯ ತಲೆ ತಗ್ಗಿಸಿಕೊಂಡು ಎದ್ದು, ಕೇಳಿಕೊಂಡು ಬರಲು ದಾಸೋಹದ ಕಡೆ ನಡೆದ.