ಬೀರು ಸರಿದ ಬಗೆ

ಕಾಲೇಜಿನ ಅಟೆಂಡರ್ ಪುಟ್ಟಸಿದ್ದಮ್ಮನಿಗೆ ಪ್ರಿನ್ಸಿಪಾಲರ ಅಪ್ಪಣೆಯಾಯಿತು: "ಸಂಜೆಯೊಳಗೆ ನನ್ನ ರೂಮಿನ ಈ ಕಬ್ಬಿಣದ ಬೀರು ಆ ಮೂಲೆಗೆ ಹೋಗಿರಬೇಕು. ಮೇಷ್ಟರುಗಳನ್ನು ಕರೆಯಕೂಡದು. ಆಗದಿದ್ದರೆ ನಾಳೆಯಿಂದ ಬರಬೇಡ."

ಎದುರಿನ ಸ್ಟಾಫ್ ರೂಮಿನಲ್ಲಿ ಮೇಷ್ಟರುಗಳು ಹರಟುತ್ತಾ ಕೂತಿದ್ದರು. ಪುಟ್ಟಸಿದ್ದಮ್ಮ ಅತ್ತ ತಿರುಗಿಯೂ ನೋಡದೆ ನೆಟ್ಟಗೆ ಪ್ರಿನ್ಸಿಪಾಲರ ಬಳಿಗೇ ಹೋದಳು.

"ಸಾರ್, ಒಂದೇ ನಿಮಿಷ. ಬೀರುವಿನ ಈ ಮೂಲೆ ಒಂಚೂರು ಎತ್ತಿ ಹಿಡಿದ್ರೆ ಸಾಕು, ಕೆಳಗೆ ಗೋಣಿಚೀಲ ತೂರಿಸ್ತೀನಿ. ಆಮೇಲೆ ನಾನೇ ಎಳ್ಕೋತೀನಿ."

ಇಷ್ಟು ಚಿಕ್ಕ ಕೆಲಸಕ್ಕೆ ಇಲ್ಲವೆನ್ನಲಾಗದೆ ಅವರು ಬಗ್ಗಿದರು. ಪ್ರಿನ್ಸಿಪಾಲರೇ ಬೀರು ಎತ್ತುವುದನ್ನು ಕಂಡ ಮೇಷ್ಟರುಗಳು "ಬಿಡಿ ಸಾರ್, ನಾವಿದ್ದೀವಿ" ಎಂದು ಓಡಿಬಂದರು. ಬೀರು ಗಳಿಗೆಯಲ್ಲಿ ಮೂಲೆ ಸೇರಿತು.

"ಇವರನ್ನು ಕರೆಯಬೇಡ ಅಂದಿದ್ದೆನಲ್ಲ?" ಪ್ರಿನ್ಸಿಪಾಲರು ಗದರಿದರು.

"ನಾನು ಕರೆದಿದ್ದು ನಿಮ್ಮೊಬ್ಬರನ್ನೇ ಸಾರ್. ಇವರನ್ನು ಕರೆದಿದ್ದು ನಿಮ್ಮ ಬಗ್ಗಿದ ಬೆನ್ನು."

ಪ್ರಿನ್ಸಿಪಾಲರು ಬೆನ್ನು ನೀವಿಕೊಳ್ಳುತ್ತಾ ನಕ್ಕುಬಿಟ್ಟರು. "ಹೋಗು, ಎಲ್ಲರಿಗೂ ಕಾಫಿ ತರಿಸು. ನಿನಗೂ."