ಅಸಲು ಹುಟ್ಟದ ಗಣಿ

ಸಂಡೂರಿನ ಕಡೆ ಒಂದು ಕಬ್ಬಿಣದ ಅದಿರಿನ ಗಣಿ. ಆಯುಧಪೂಜೆ ಹತ್ತಿರ ಬಂತು. ಕೂಲಿಯವರು ಬೋನಸ್ ಕೇಳಿದರು. ಧಣಿ ಪಂಪನಗೌಡರು ಗುಮಾಸ್ತನನ್ನು ಕರೆದರು.

"ಟನ್ನಿಗೆ ಎಷ್ಟು ಬಂದರೆ ನಮ್ಮ ಅಸಲು ಹುಟ್ಟತೈತಿ?"

"ಮೂರು ಸಾವಿರ, ಧಣಿ."

"ಅಳಿಯನ ಕಾರು, ನಮ್ಮಾಕಿ ಬಂಗಾರ ಎಲ್ಲಾ ಸೇರಿಸು. ಐದು ಆಗಬೇಕು. ಪ್ಯಾಟ್ಯಾಗ ಸಿಗೋದು ನಾಲ್ಕೂವರೆ. ಗಣಿ ಲುಕ್ಸಾನದಾಗೈತಿ, ಬೋನಸ್ ಇಲ್ಲ ಅಂತ ಪೂಜೆ ದಿನ ಎಲ್ಲರ ಮುಂದೆ ಓದು."

ಗುಮಾಸ್ತ ಹಾಗೆಯೇ ಓದಿದ.

ಮರುದಿನ ಧಣಿ ಬಂದು ನೋಡಿದರೆ ಗಣಿಯಲ್ಲಿ ಸದ್ದೇ ಇಲ್ಲ. ಜೆಸಿಬಿಗಳು ಪೂಜೆಯ ಚೆಂಡುಹೂವಿನ ಹಾರ ತೆಗೆಯದೆ ಮದುಮಕ್ಕಳ ಹಾಗೆ ನಿಂತಿವೆ. ಗೇಟಿಗೆ ಬೀಗ. ಹೊರಗೆ ಲಾರಿಗಳ ಸಾಲು.

"ಯಾವನಲೇ ಗಣಿ ನಿಲ್ಲಿಸಿದೋನು?"

ಗುಮಾಸ್ತ ಮುಂದೆ ಬಂದ. "ನಾನೇ, ಧಣಿ. ಟನ್ನಿಗೆ ಐನೂರು ಲುಕ್ಸಾನ ಅಂದ್ರಲ್ಲ. ನಿಮ್ಮ ಉಪ್ಪು ತಿಂದು ಸುಮ್ಮನಿರಾಕ ಮನಸ್ಸಾಗಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಉಳಿಸೀನಿ ನೋಡ್ರಿ!"

"ಉಳಿಸಿದ್ಯಾ? ತಾಸಿಗೆ ಲಕ್ಷ ಲಾಭ ಹೊಂಟು ಹೋಗಾಕ ಹತ್ತೈತೋ ಮೂರ್ಖ!"

ಗೇಟಿನ ಬಳಿ ಕೂತಿದ್ದ ಕೂಲಿಯವರೆಲ್ಲ ಎದ್ದು ನಿಂತರು.

ಗುಮಾಸ್ತ ಕೈಮುಗಿದ. "ನಿನ್ನೆ ನಾನು ಓದಿದ ಲೆಕ್ಕ ಇವರಿಗೆ ತಿಳಿದಿರಲಿಲ್ಲ, ಧಣಿ. ಈಗ ನೀವೇ ಬಿಡಿಸಿ ಹೇಳಿದ್ರಿ. ಗೇಟು ತೆಗೀಲೋ, ಬೋನಸ್ಸಿಗೆ ರೊಕ್ಕದ ಪೆಟ್ಟಿಗೆ ತೆಗೀಲೋ?"

ಧಣಿ ಲಾರಿಗಳನ್ನು ನೋಡಿದರು. ಕೂಲಿಯವರನ್ನು ನೋಡಿದರು.

"ಎರಡೂ ತೆಗಿಯಲೇ!"