ಮೂಳೆ ಕಟ್ಟುವವಳ ದಾರಿಖರ್ಚು

"ಅಜ್ಜಾರ, ಕೂಲಿ ತಗೊಳ್ಳದ ಕೆಲಸಕ್ಕ ದಾರಿಖರ್ಚು ಕೇಳೂದು ಭಿಕ್ಷೆ ಆಗತೈತೇನ್ರಿ?"

ಕೇಳಿದವಳು ನೀಲವ್ವ. ಮಠದ ಪಡಸಾಲೆಯಲ್ಲಿ ಕಿವಿ ಕೇಳದ ಒಂಬತ್ತು ಮಕ್ಕಳಿಗೆ ಅವಳು ಕೈಸನ್ನೆಯ ಭಾಷೆ ಕಲಿಸುತ್ತಿದ್ದಳು. ಯಾರೂ ಅವಳನ್ನು ನೇಮಿಸಿರಲಿಲ್ಲ, ಅವಳೂ ಯಾರಿಂದಲೂ ಏನೂ ಪಡೆದಿರಲಿಲ್ಲ. ಇಂಥದೇ ಕೆಲಸ ಮಾಡುವವರೆಲ್ಲ ಸೇರುವ ಸಮ್ಮೇಳನಕ್ಕೆ ದೂರದ ಪಟ್ಟಣದಿಂದ ಕರೆ ಬಂದಿತ್ತು. ಊಟ, ವಸತಿ ಅವರದು. ಹೋಗಿಬರುವ ಖರ್ಚು ಇವಳದು. ಬರಲಾಗದು ಎಂದು ಉತ್ತರ ಬರೆದು, ಮಡಿಸಿ, ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು.

"ಹೋಗದಿದ್ರ ಏನಾಗತೈತಿ?" ಎಂದರು ಮಠದ ಹಿರಿಯರಾದ ಅಜ್ಜನವರು.

"ನನಗ ಬರೋ ಸನ್ನೆ ಎಲ್ಲಾ ಮುಗದಾವ್ರಿ. ಮಕ್ಕಳು ಕೇಳೂದು ಮುಗದಿಲ್ಲ. ಆದ್ರ ಇಷ್ಟು ದಿನ ಪುಕ್ಕಟೆ ಮಾಡಿ ಈಗ ಕೈ ಚಾಚಿದ್ರ, ಮಾಡಿದ್ದೆಲ್ಲಾ ಮಾರಿಕೊಂಡಂಗ ಆಗತೈತಿ."

ಅಜ್ಜನವರು ಎಂದಿನಂತೆ ಬಲಗಾಲನ್ನು ಮುಂದೆ ಚಾಚಿ ಕುಳಿತಿದ್ದರು. ಆ ಕಾಲು ಮಡಿಸಲು ಬಾರದೆಂದು ಮಠಕ್ಕೆಲ್ಲ ಗೊತ್ತಿತ್ತು. ಯಾಕೆಂದು ಯಾರೂ ಕೇಳಿದ್ದಿಲ್ಲ. ಅವರು ಆ ಮಡಿಸಿದ ಕಾಗದವನ್ನು ನೋಡಿ, ಹೇಳತೊಡಗಿದರು.

ಹೊಳೆಯ ಆಚೆ ಒಂದು ಊರಿತ್ತು. ಅಲ್ಲಿ ಮೂಳೆ ಕಟ್ಟುವವಳೊಬ್ಬಳಿದ್ದಳು. ಸುತ್ತಲ ಹನ್ನೆರಡು ಹಳ್ಳಿಯಲ್ಲಿ ಯಾರ ಕೈ ಮುರಿದರೂ, ಯಾರ ಭುಜ ಜಾರಿದರೂ ಅವಳ ಬಾಗಿಲಿಗೇ ಬರಬೇಕು. ಮುಟ್ಟಿ ನೋಡಿ, ಎಳೆದು ಕೂರಿಸಿ, ಬಿದಿರಿನ ದಬ್ಬೆ ಕಟ್ಟಿ ಕಳಿಸುತ್ತಿದ್ದಳು. ಪ್ರತಿಫಲ ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಅದಕ್ಕೇ ಅವಳು ಎಲೆ ಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ. ಗುಣವಾದವರು ಹೊಸ್ತಿಲಿಗೆ ಕೈಮುಗಿದು ಹೋಗುತ್ತಿದ್ದರು. ಅಷ್ಟೇ.

ಮೂರು ವರ್ಷಕ್ಕೊಮ್ಮೆ ದೂರದ ಒಂದು ಊರಿನಲ್ಲಿ ಮೂಳೆ ಕಟ್ಟುವವರೆಲ್ಲ ಕೂಡುತ್ತಿದ್ದರು. ಒಬ್ಬರಿಗೆ ಬಂದದ್ದನ್ನು ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಅವಳಿಗೆ ಎರಡು ಸಲ ಕರೆ ಬಂತು. ಗಾಡಿಗೆ, ಹರಿಗೋಲಿಗೆ, ದಾರಿಯ ಊಟಕ್ಕೆ ಅವಳಲ್ಲಿ ಏನೂ ಇರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ಎರಡು ಸಲವೂ ಮನೆಯಲ್ಲಿ ಕೆಲಸವಿದೆ ಎಂದು ಹೇಳಿ ಕಳಿಸಿದಳು. ತಾಯಿ ಬೇಡವೆಂದದ್ದು ಪ್ರತಿಫಲವನ್ನು. ಮಗಳು ಅದಕ್ಕೆ ದಾರಿಖರ್ಚನ್ನೂ ಸೇರಿಸಿಕೊಂಡಳು. ಬಿಂಕಕ್ಕೆ ವ್ರತದ ಸೀರೆ ಉಡಿಸಿದರೆ ಉಟ್ಟವಳಿಗೇ ಗುರುತು ಸಿಗುವುದಿಲ್ಲ, ತಾಯಿ.

ಎರಡನೆಯ ಕೂಟ ಮುಗಿದ ವರ್ಷವೇ ಒಬ್ಬ ಕುರಿಗಾಹಿ ಮರದಿಂದ ಬಿದ್ದ. ಪ್ರಾಯದವನು. ಮೇಕೆಗಳಿಗೆ ಸೊಪ್ಪು ಕಡಿಯಲು ಹತ್ತಿದ್ದ. ತೊಡೆಯ ಕೀಲು ಜಾರಿತ್ತು. ಅವಳು ತನಗೆ ತಿಳಿದಂತೆ ಎಳೆದಳು, ಕಟ್ಟಿದಳು, ಮೂರು ತಿಂಗಳು ಕಾದಳು. ಕಟ್ಟು ಬಿಚ್ಚಿದಾಗ ಆ ಕಾಲು ನಾಲ್ಕು ಬೆರಳು ಮೊಟಕಾಗಿತ್ತು. ಹಿಂಡಿನ ಹಿಂದೆ ನಡೆಯಲಾಗದವನಿಗೆ ಹಿಂಡು ಯಾಕೆ? ಕುರಿಗಳು ಅವನ ತಮ್ಮನ ಪಾಲಾದವು. ಹಣೆಬರಹ ಎಂದು ಊರು ಅಂದಿತು. ಅವನೂ ಹಾಗೇ ಅಂದುಕೊಂಡ.

ಸುಗ್ಗಿ ಮುಗಿದ ಮೇಲೆ ಪರವೂರಿನ ವೈದ್ಯನೊಬ್ಬ ಆ ದಾರಿಯಲ್ಲಿ ಬಂದ. ಕುರಿಗಾಹಿ ತನ್ನ ಅಂಗಳದಲ್ಲಿ ಕುಂಟುವುದನ್ನು ನೋಡಿ, ಅವಳ ಬಾಗಿಲಿಗೆ ಬಂದು ಕೇಳಿದ.

"ಈ ಕೀಲು ಕೂಡಿಸೂದು ಹ್ವಾದ ಕೂಟದಾಗ ತೋರಿಸಿದ್ರಲ್ಲವ್ವಾ. ನೀ ಯಾಕ ಬರಲಿಲ್ಲ?"

ಅಳದ ಕೂಸಿಗೆ ಹಾಲಿಲ್ಲ ಎನ್ನುತ್ತಾರೆ. ಇಲ್ಲಿ ಸುಮ್ಮನಿದ್ದವಳು ಒಬ್ಬಳು, ಹಾಲು ತಪ್ಪಿದ್ದು ಇನ್ನೊಬ್ಬನಿಗೆ.

ಬೇರೆಯವಳಾಗಿದ್ದರೆ ಆ ಮಾತನ್ನು ನುಂಗಿಕೊಂಡು ಬಿಡುತ್ತಿದ್ದಳು. ಇವಳು ನೇರವಾಗಿ ಕುರಿಗಾಹಿಯ ಮನೆಗೆ ಹೋದಳು. ಅವನ ಎದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. "ನಿನ್ನ ಕಾಲು ಕುಂಟು ಮಾಡಿದ್ದು ಮರ ಅಲ್ಲಪ್ಪಾ. ಕೇಳಾಕ ನಾಚಿಕೊಂಡ ನನ್ನ ಬಾಯಿ" ಎಂದಳು.

ಅವನು ಮೂರು ದಿನ ಅವಳ ಮುಖ ನೋಡಲಿಲ್ಲ. ಸಿಟ್ಟಿತ್ತು, ಇರಬೇಕಾದದ್ದೇ. ನಾಲ್ಕನೆಯ ದಿನ ಕೋಲು ಊರಿಕೊಂಡು ಅವಳ ಬಾಗಿಲಿಗೆ ಬಂದು, ಮುಂದಿನ ಕೂಟ ಯಾವಾಗ ಎಂದಷ್ಟೇ ಕೇಳಿದ. ಅಲ್ಲಿಂದ ಮನೆ ಮನೆಗೆ ಹೊರಟ. ಕುಂಟುತ್ತ ಹನ್ನೆರಡೂ ಹಳ್ಳಿ ಸುತ್ತಿದ. ಪ್ರತಿ ಹೊಸ್ತಿಲಲ್ಲಿ ಒಂದೇ ಮಾತು: ಅವ್ವ ಕೂಟಕ್ಕೆ ಹೋಗಬೇಕು, ನಿಮ್ಮಿಂದ ಏನಾಗುತ್ತದೆ?

ಜನ ಬೈಯುತ್ತಾರೆ ಎಂದುಕೊಂಡಿದ್ದ. ಬೈದರು ಕೂಡ, ಇಷ್ಟು ವರ್ಷ ಯಾಕೆ ಕೇಳಲಿಲ್ಲ ಎಂದು. ಅವಳಿಗೆ ಏನಾದರೂ ಕೊಡಬೇಕೆಂದು ಎಷ್ಟೋ ಜನ ಕಾದು ಕಾದು ಸೋತಿದ್ದರು.

ಅವಳು ಹೊರಟ ಬೆಳಿಗ್ಗೆ ಬಾಗಿಲಲ್ಲಿ ಗಾಡಿ ನಿಂತಿತ್ತು. ಹಗ್ಗ ಹಿಡಿದ ಗಾಡಿಯವನ ಮೊಣಕೈ ಅವಳು ಕಟ್ಟಿದ್ದು. ಹೊಳೆಯಲ್ಲಿ ಹರಿಗೋಲಿಗೆ ಹುಟ್ಟು ಹಾಕಿದ ಅಂಬಿಗನ ಭುಜ ಅವಳು ಕೂರಿಸಿದ್ದು. ಬುತ್ತಿಯ ರೊಟ್ಟಿ ಬಡಿದ ಮುದುಕಿಯ ಮಣಿಕಟ್ಟು ಅವಳದೇ ಕೆಲಸ. ಆಚೆ ದಡದಲ್ಲಿ ಅವಳ ಗಂಟು ಹೊರಲು ಕಾದು ನಿಂತವನು ಒಂದು ಕಾಲದಲ್ಲಿ ಎರಡೂ ಕಾಲು ಮುರಿದುಕೊಂಡು ಹೊರಸಿನ ಮೇಲೆ ಮಲಗಿ ಬಂದಿದ್ದ. ನಡುನೀರಿನಲ್ಲಿ ಅವಳಿಗೆ ಇದು ಹೊಳೆಯಿತು. ತಾನು ಕಟ್ಟಿದ ಮೂಳೆಗಳೇ ತನ್ನನ್ನು ಹೊತ್ತು ನಡೆದಿವೆ! ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂಬಿಗ ಹುಟ್ಟು ಹಾಕುವುದನ್ನು ಮರೆತು ನೋಡಿದ. ಎಷ್ಟು ವರ್ಷವಾದವು, ಇದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕೈಗುಣ ಹೋಗಲಿಲ್ಲ. ಕೂಟದಲ್ಲಿ ಆ ಕೀಲು ಕೂರಿಸುವ ಬಗೆ ಕಲಿತು ಬಂದಳು. ಮೊದಲು ಕುರಿಗಾಹಿಯನ್ನೇ ಮುಟ್ಟಿ ನೋಡಿದಳು. ಬಹಳ ದಿನವಾಗಿತ್ತು, ಕೀಲು ಕದಲಲಿಲ್ಲ. ನಿನ್ನದು ಆಗುವುದಿಲ್ಲಪ್ಪಾ ಎಂದಳು. ನನ್ನದು ಆಗುವುದಿಲ್ಲವೆಂದು ಹೊರಟ ದಿನವೇ ಗೊತ್ತಿತ್ತು ಎಂದ ಅವನು. ಮುಂದಿನ ಬೇಸಿಗೆಯಲ್ಲಿ ಒಂದು ಹೆಣ್ಣುಮಗು ಮಾಳಿಗೆಯಿಂದ ಬಿತ್ತು. ಅದೇ ಕೀಲು. ಮೂರು ತಿಂಗಳಿಗೆ ಆ ಮಗು ಬೀದಿಯಲ್ಲಿ ಓಡಿತು. ಅವನು ಕಟ್ಟೆಯ ಮೇಲೆ ಕುಳಿತು ಅದು ಓಡುವುದನ್ನು ಕಣ್ಣು ತುಂಬ ನೋಡಿದ. ಅಂದಿನಿಂದ ಅವನು ಕೋಲು ಬಿಟ್ಟಿಲ್ಲ, ಇನ್ನೊಬ್ಬರಿಗಾಗಿ ಕೇಳುವುದನ್ನೂ ಬಿಟ್ಟಿಲ್ಲ.

ಅಜ್ಜನವರು ಮಾತು ನಿಲ್ಲಿಸಿದರು. ಪಡಸಾಲೆಯಲ್ಲಿ ಒಂಬತ್ತು ಮಕ್ಕಳು ತಮಗೆ ಗೊತ್ತಿದ್ದ ಕೆಲವೇ ಸನ್ನೆಗಳಲ್ಲಿ ಏನನ್ನೋ ವಾದಿಸುತ್ತಿದ್ದರು.

ಅಜ್ಜನವರು ಗೋಡೆಗೆ ಒರಗಿಸಿದ್ದ ಕೋಲನ್ನು ತೆಗೆದುಕೊಂಡು ಎದ್ದು ನಿಂತರು. ಅವರ ಬಲಗಾಲಿನ ಹಿಮ್ಮಡಿ ನೆಲದಿಂದ ನಾಲ್ಕು ಬೆರಳು ಮೇಲೇ ಉಳಿಯಿತು. ಅಷ್ಟು ವರ್ಷ ದಿನವೂ ಕಂಡಿದ್ದ ಆ ಕಾಲನ್ನು ನೀಲವ್ವ ಮೊದಲ ಸಲ ನೋಡಿದಳು. ಮಡಿಸಿದ ಕಾಗದ ಅವಳ ಕೈಯಿಂದ ಜಾರಿ ಕೆಳಗೆ ಬಿತ್ತು.

"ನಡಿ ತಾಯಿ," ಎಂದರು ಅಜ್ಜನವರು, "ಯಾರ ಮನಿಯಿಂದ ಸುರು ಮಾಡೂಣು?"